ಹಾಡು ಬಾಡಿಗೆಗೋ, ಸ್ವಂತಕ್ಕೋ?

ಸಾಲಗುಂದ (ಸಿಂಧನೂರು): ಮೊಬೈಲ್ ಅಂಗಡಿಯಲ್ಲಿ ಮೆಮೊರಿ ಕಾರ್ಡ್ ಕೊಟ್ಟು ಹಾಡು ತುಂಬಿಸಿಕೊಳ್ಳುವ ಕಾಲವೊಂದಿತ್ತು. ಕ್ಯಾಸೆಟ್ ಮೂಲೆಗೆ ಸರಿದ ಮೇಲೆ ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯ ಟ್ರ್ಯಾಕ್ಟರ್, ಹೋಟೆಲ್, ಮದುವೆ ಮನೆಗಳಲ್ಲಿ ಮೊಳಗಿದ್ದು ಈ ಕಾರ್ಡ್ ಹಾಗೂ ಪೆನ್‌ಡ್ರೈವ್‌ಗಳ ಹಾಡುಗಳೇ. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಸೇವೆ ಆರಂಭವಾಗಿ ಡೇಟಾ ದರ ಕುಸಿದ ನಂತರ ಚಿತ್ರ ಬದಲಾಯಿತು. ಈಗ ಹೆಸರು ಹೇಳಿದರೆ ಸಾಕು, ಹಾಡು ಫೋನಿನಲ್ಲೇ ಕೇಳಿಸುತ್ತದೆ. ಹೀಗಿರುವಾಗ ಹಾಡನ್ನು ಕೂಡಿಡುವ ಅಗತ್ಯ ಇನ್ನೂ ಇದೆಯೇ ಎಂಬ ಪ್ರಶ್ನೆ ಸಹಜ. ಸಿನಿಮಾ ಹಾಡಿನ ಮಟ್ಟಿಗೆ ಅದು ಅನುಕೂಲದ ಪ್ರಶ್ನೆ. ಊರಿನ ಹಾಡಿನ ಮಟ್ಟಿಗೆ ಮಾತ್ರ ಅಳಿವು ಉಳಿವಿನ ಪ್ರಶ್ನೆ.

ವ್ಯತ್ಯಾಸವೇನು?

ಸ್ಟ್ರೀಮಿಂಗ್ ಸೇವೆಯಲ್ಲಿ ಹಾಡು ಕಂಪನಿಯ ಸರ್ವರ್‌ನಲ್ಲಿ ಇರುತ್ತದೆ. ಕೇಳುಗನಿಗೆ ಸಿಗುವುದು ಕೇಳುವ ಅನುಮತಿ ಮಾತ್ರ. ನೆಟ್‌ವರ್ಕ್ ಇಲ್ಲದಾಗ ಕೇಳಲೆಂದು ಇಳಿಸಿಕೊಂಡ ಹಾಡಿಗೂ ಬೀಗವಿದ್ದು, ಆಯಾ ಆ್ಯಪ್‌ನ ಹೊರಗೆ ಅದು ನುಡಿಯದು. ಉದಾಹರಣೆಗೆ, ಸ್ಪಾಟಿಫೈ ಚಂದಾದಾರರು 30 ದಿನಗಳಿಗೊಮ್ಮೆಯಾದರೂ ಅಂತರ್ಜಾಲ ಸಂಪರ್ಕ ಪಡೆಯಬೇಕು. ಇಲ್ಲವಾದರೆ ಇಳಿಸಿಕೊಂಡ ಹಾಡುಗಳು ಕೈತಪ್ಪುತ್ತವೆ. ಬೀಗವಿಲ್ಲದ ಎಂಪಿ3 ಫೈಲ್‌ಗೆ ಇಂಥ ಷರತ್ತಿಲ್ಲ. ಫೋನ್, ಕಂಪ್ಯೂಟರ್, ಟ್ರ್ಯಾಕ್ಟರ್‌ನ ಪ್ಲೇಯರ್ ಯಾವುದರಲ್ಲಿಯೂ ಅದು ನುಡಿಯುತ್ತದೆ. ಮೊದಲನೆಯದು ಬಾಡಿಗೆ ಮನೆ, ಎರಡನೆಯದು ಸ್ವಂತ ಮನೆ.

ಅಂಗಡಿ ಮುಚ್ಚಿದಾಗ

ಈ ವ್ಯತ್ಯಾಸ ಎದ್ದು ಕಾಣುವುದು ಕಂಪನಿ ಬಾಗಿಲು ಮುಚ್ಚಿದಾಗ. ಫ್ಲಿಪ್‌ಕಾರ್ಟ್ 2012ರಲ್ಲಿ ಫ್ಲೈಟ್ ಎಂಬ ಎಂಪಿ3 ಮಳಿಗೆ ತೆರೆದು, ಬೀಗವಿಲ್ಲದ ಹಾಡುಗಳನ್ನು ಮಾರಿತು. 2013ರಲ್ಲಿ ಮಳಿಗೆ ಮುಚ್ಚಿತು. ಆದರೆ ಖರೀದಿಸಿ ಇಳಿಸಿಟ್ಟುಕೊಂಡವರ ಹಾಡುಗಳಿಗೆ ಧಕ್ಕೆಯಾಗಲಿಲ್ಲ. 2024ರಲ್ಲಿ ಏರ್‌ಟೆಲ್ ತನ್ನ ವಿಂಕ್ ಮ್ಯೂಸಿಕ್ ಸೇವೆಯನ್ನು ಕೈಬಿಟ್ಟಾಗ ಪರಿಸ್ಥಿತಿ ಬೇರೆಯೇ ಆಗಿತ್ತು. ಆ್ಯಪ್ ಇಲ್ಲವಾದ ಮೇಲೆ ಅದರೊಳಗೆ ಇಳಿಸಿಟ್ಟ ಹಾಡಿಗೂ ಅಸ್ತಿತ್ವವಿಲ್ಲ. ಅದೇ ವರ್ಷದ ಜನವರಿಯಲ್ಲಿ ರೆಸ್ಸೊ ಸಹ ಭಾರತದಲ್ಲಿ ಸೇವೆ ನಿಲ್ಲಿಸಿತ್ತು.

ಸೇವೆ ನಡೆಯುತ್ತಿದ್ದರೂ ಹಾಡು ಕಣ್ಮರೆಯಾಗಬಹುದು. ಸ್ಪಾಟಿಫೈ 2019ರ ಫೆಬ್ರುವರಿಯಲ್ಲಿ ಭಾರತಕ್ಕೆ ಬಂದ ಕೆಲವೇ ವಾರಗಳಲ್ಲಿ ಸಾರೆಗಾಮ ಕಂಪನಿ ದೆಹಲಿ ಹೈಕೋರ್ಟ್ ಮೆಟ್ಟಿಲೇರಿತು. ಸಾರೆಗಾಮದ ಹಾಡುಗಳನ್ನು ತೆಗೆದುಹಾಕಲು ಸ್ಪಾಟಿಫೈ ಒಪ್ಪಿತು. ಎಚ್‌ಎಂವಿ ಮುದ್ರೆಯ ಹಳೆಯ ಕನ್ನಡ ಚಿತ್ರಗೀತೆಗಳ ಹಕ್ಕು ಇರುವುದು ಇದೇ ಸಾರೆಗಾಮದ ಬಳಿ. 2020ರಲ್ಲಿ ಎರಡೂ ಕಂಪನಿಗಳ ನಡುವೆ ಒಪ್ಪಂದವಾದ ಮೇಲಷ್ಟೇ ಹಾಡುಗಳು ಮರಳಿದವು. ಈ ನಡುವೆ ಕೇಳುಗನನ್ನು ಕೇಳಿದವರಿಲ್ಲ.

ಖರ್ಚಿನ ಲೆಕ್ಕ

ಹಾಗೆಂದು ಸ್ಟ್ರೀಮಿಂಗ್ ನಷ್ಟದ ವ್ಯವಹಾರವೇನಲ್ಲ. ಸೆಕೆಂಡಿಗೆ 160 ಕಿಲೋಬಿಟ್ ಗುಣಮಟ್ಟದ ಹಾಡಿಗೆ ಗಂಟೆಗೆ ಸುಮಾರು 72 ಎಂಬಿ ಡೇಟಾ ಬೇಕು. ದಿನಕ್ಕೆರಡು ಗಂಟೆ ಕೇಳಿದರೆ ತಿಂಗಳಿಗೆ ನಾಲ್ಕೂಕಾಲು ಜಿಬಿಗಿಂತ ತುಸು ಹೆಚ್ಚು. ಹೊಸ ಹಾಡುಗಳನ್ನು ಹುಡುಕಿ ಕೇಳುವವರಿಗೆ ಇದೇ ಸುಲಭ ಮಾರ್ಗ. ಆದರೆ ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವವರಿಗೆ ಫೈಲ್ ಅಗ್ಗ. 128 ಕಿಲೋಬಿಟ್‌ನ ಐದು ನಿಮಿಷದ ಎಂಪಿ3 ಹಾಡಿಗೆ ಐದು ಎಂಬಿ ಸಾಕು. 32 ಜಿಬಿ ಕಾರ್ಡ್‌ನಲ್ಲಿ ಇಂಥ ಆರು ಸಾವಿರದಷ್ಟು ಹಾಡು ಹಿಡಿಸುತ್ತವೆ. ಹೊಲದಲ್ಲಿ ಸಿಗ್ನಲ್ ಸಿಗದಿದ್ದರೂ ಹಾಡು ನಿಲ್ಲದು.

ಸರ್ವರ್‌ನಲ್ಲಿ ಇಲ್ಲದ ಹಾಡು

ನಿಜವಾದ ಚಿಂತೆ ಇರುವುದು ಬೇರೆಡೆ. ರಾಯಚೂರು ಜಿಲ್ಲೆ ದಾಸಸಾಹಿತ್ಯದ ತವರು. ಚೀಕಲಪರ್ವಿಯ ವಿಜಯದಾಸರು, ಮಾನ್ವಿಯ ಜಗನ್ನಾಥದಾಸರು, ಲಿಂಗಸುಗೂರಿನ ಪ್ರಾಣೇಶದಾಸರು ಈ ನೆಲದವರು. ಹೆಸರಾಂತ ಗಾಯಕರು ಹಾಡಿದ ದಾಸರ ಪದಗಳು ಆ್ಯಪ್‌ಗಳಲ್ಲಿ ಸಿಗುತ್ತವೆ. ಆದರೆ ಊರಿನ ಭಜನಾ ಮೇಳ ರಾತ್ರಿಯಿಡೀ ಹಾಡಿದ ತತ್ವಪದ, ಜಾತ್ರೆಯಲ್ಲಿ ಆಡಿದ ಬಯಲಾಟ, ಅಜ್ಜಿಯ ಬೀಸುವ ಪದ ಯಾವ ಕಂಪನಿಯ ಪಟ್ಟಿಯಲ್ಲಿಯೂ ಸಿಗುವುದು ಅಪರೂಪ. ಅವು ಉಳಿದಿದ್ದರೆ ಟೇಪ್‌ರೆಕಾರ್ಡರ್ ಇಟ್ಟು ಹಿಡಿದ ಒಂದು ಕ್ಯಾಸೆಟ್‌ನಲ್ಲಿ, ಇಲ್ಲವೇ ಯಾರದೋ ಹಳೆಯ ಮೆಮೊರಿ ಕಾರ್ಡ್‌ನಲ್ಲಿ. ಬಿಸಿಲು, ಧೂಳು, ಬೂಷ್ಟಿಗೆ ಕ್ಯಾಸೆಟ್‌ನ ಟೇಪು ಹಾಳಾಗುತ್ತದೆ. ಬಳಸದೆ ವರ್ಷಗಟ್ಟಲೆ ಬಿದ್ದಿರುವ ಕಾರ್ಡ್ ಮುನ್ಸೂಚನೆಯಿಲ್ಲದೆ ಕೆಡುತ್ತದೆ. ಆ ಹಾಡಿಗೆ ಎರಡನೆಯ ಪ್ರತಿ ಇರುವುದಿಲ್ಲ.

ಉಳಿಸುವ ಬಗೆ

ಇದಕ್ಕೆ ದುಬಾರಿ ಸಲಕರಣೆ ಬೇಕಿಲ್ಲ. ಟೇಪ್‌ರೆಕಾರ್ಡರ್‌ನ ಹೆಡ್‌ಫೋನ್ ಕಿಂಡಿಯಿಂದ ಕಂಪ್ಯೂಟರ್‌ನ ಲೈನ್ ಇನ್ ಕಿಂಡಿಗೆ ವೈರ್ ಜೋಡಿಸಿ, ಉಚಿತವಾಗಿ ಸಿಗುವ ಅಡಾಸಿಟಿ ತಂತ್ರಾಂಶದಲ್ಲಿ ಧ್ವನಿಮುದ್ರಿಸಿಕೊಳ್ಳಬಹುದು. 60 ನಿಮಿಷದ ಕ್ಯಾಸೆಟ್‌ಗೆ 60 ನಿಮಿಷವೇ ಬೇಕು. ಮೂಲಪ್ರತಿಯನ್ನು ಗುಣಮಟ್ಟ ಕುಂದದ ಫ್ಲಾಕ್ ರೂಪದಲ್ಲಿಯೂ, ಕೇಳುವ ಪ್ರತಿಯನ್ನು ಎಂಪಿ3 ರೂಪದಲ್ಲಿಯೂ ಇಡುವುದು ಲೇಸು. ಹಾಡಿದವರ ಹೆಸರು, ಊರು, ವರ್ಷವನ್ನು ಫೈಲ್‌ನ ಹೆಸರಿನಲ್ಲಿಯೇ ಬರೆಯಬೇಕು. ಕನಿಷ್ಠ ಎರಡು ಪ್ರತಿಗಳು ಎರಡು ಬೇರೆ ಮನೆಗಳಲ್ಲಿರಬೇಕು.

ಕಾನೂನು ಏನೆನ್ನುತ್ತದೆ?

1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಖಾಸಗಿ ಅಥವಾ ಸ್ವಂತ ಬಳಕೆಗಾಗಿ ಮಾಡುವ ನ್ಯಾಯೋಚಿತ ಉಪಯೋಗಕ್ಕೆ ಅವಕಾಶ ನೀಡಿದೆ. ಆದರೆ ಹಕ್ಕುದಾರರ ಅನುಮತಿಯಿಲ್ಲದೆ ಸಿನಿಮಾ ಹಾಡನ್ನು ಕಾರ್ಡ್‌ಗೆ ತುಂಬಿ ಮಾರುವುದು ಉಲ್ಲಂಘನೆಯೇ. ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ ಇರುತ್ತದೆ. ಹಾಡಿದ ಕಲಾವಿದರಿಗೂ ತಮ್ಮ ಪ್ರದರ್ಶನದ ಮೇಲೆ 50 ವರ್ಷಗಳ ಹಕ್ಕಿದೆ. ಆದ್ದರಿಂದ ಊರಿನ ಮೇಳದ ಹಾಡನ್ನು ಅಂತರ್ಜಾಲಕ್ಕೆ ಏರಿಸುವ ಮುನ್ನ ಹಾಡಿದವರ, ಅವರಿಲ್ಲದಿದ್ದರೆ ಮನೆಯವರ ಒಪ್ಪಿಗೆ ಪಡೆಯುವುದು ಸರಿಯಾದ ಕ್ರಮ.

ಹೊಸ ಸಿನಿಮಾ ಹಾಡಿಗೆ ಬಾಡಿಗೆ ಮನೆ ಸಾಕು. ಇಂದು ಒಂದು ಆ್ಯಪ್‌ನಲ್ಲಿ ಸಿಗದಿದ್ದರೆ ನಾಳೆ ಇನ್ನೊಂದರಲ್ಲಿ ಸಿಕ್ಕೀತು. ಪೆಟ್ಟಿಗೆಯಲ್ಲಿರುವ ಊರಿನ ಕ್ಯಾಸೆಟ್‌ಗೆ ಆ ಭಾಗ್ಯವಿಲ್ಲ. ಟೇಪು ಇನ್ನೂ ತಿರುಗುತ್ತಿರುವಾಗಲೇ ಅದರ ಪ್ರತಿ ತೆಗೆಯುವುದು ಆಯಾ ಮನೆಯವರದೇ ಕೆಲಸ.