ಎರಡು ಆರೋಗ್ಯ ವಿಮೆ ಇದ್ದರೂ ಬಿಲ್ ನೀವೇ ಕಟ್ಟಬೇಕಾ? ನಿಯಮ ಏನು ಹೇಳುತ್ತೆ, ದೂರು ಎಲ್ಲಿ ಕೊಡಬೇಕು? ಇಲ್ಲಿದೆ ಮಾಹಿತಿ

ಯಲವಿಗಿ (ಸವಣೂರು): ಊರಲ್ಲಿರುವ ಅಪ್ಪನ ಹೆಸರಲ್ಲಿ ಒಂದು ಆರೋಗ್ಯ ವಿಮೆ, ಬೆಂಗಳೂರಲ್ಲಿ ಕೆಲಸ ಮಾಡೋ ಮಗನ ಕಂಪನಿ ಕಡೆಯಿಂದ ಅದೇ ಅಪ್ಪನಿಗೆ ಇನ್ನೊಂದು. ಎರಡು ಇವೆ ಅಂತ ಧೈರ್ಯದಿಂದ ರೈಲು ಹತ್ತಿ ಹುಬ್ಬಳ್ಳಿ ಆಸ್ಪತ್ರೆಗೆ ಹೋದರೆ, ಡಿಸ್ಚಾರ್ಜ್ ದಿನ ಇವರು "ಮೊದಲ ಅವರನ್ನ ಕೇಳ್ರಿ" ಅಂತಾರೆ, ಅವರು "ಇವರನ್ನ ಕೇಳ್ರಿ" ಅಂತಾರೆ. ನಡುವೆ ಸಾಲ ಮಾಡಿ ಬಿಲ್ ಕಟ್ಟೋದು ಮನೆಯವರು. ಆದರೆ ನಿಯಮ ಹಾಗಿಲ್ಲ.

ಆಯ್ಕೆ ನಿಮ್ಮದು

ಯಾವ ಪಾಲಿಸಿಯಲ್ಲಿ ಕ್ಲೇಮ್ ಮಾಡಬೇಕು ಅನ್ನೋದನ್ನ ನಿರ್ಧರಿಸುವ ಹಕ್ಕು ಪಾಲಿಸಿದಾರರದ್ದು. ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ 2024ರ ಮೇ 29ರಂದು ಹೊರಡಿಸಿದ ಸುತ್ತೋಲೆಯಲ್ಲಿ ಇದು ಸ್ಪಷ್ಟವಾಗಿದೆ. ಮೊದಲು ಕ್ಲೇಮ್ ಸ್ವೀಕರಿಸಿದ ಕಂಪನಿಯೇ ಉಳಿದ ಹಣಕ್ಕಾಗಿ ಇನ್ನೊಂದು ಕಂಪನಿ ಜೊತೆ ಸಮನ್ವಯ ಮಾಡಬೇಕು. ಎರಡನೇ ಪಾಲಿಸಿ ಇದೆ ಅನ್ನೋದು ಕ್ಲೇಮ್ ತಳ್ಳಿಹಾಕಲು ಕಾರಣ ಆಗಲ್ಲ.

ಉದಾಹರಣೆಗೆ, ಬಿಲ್ 2.80 ಲಕ್ಷ ರೂ., ಮೊದಲ ಪಾಲಿಸಿ ಮಿತಿ 2 ಲಕ್ಷ ರೂ. ಅಂದುಕೊಳ್ಳಿ. ಮೊದಲ ಕಂಪನಿ 2 ಲಕ್ಷ ಕೊಟ್ಟರೆ, ಉಳಿದ 80 ಸಾವಿರವನ್ನ ಎರಡನೇ ಕಂಪನಿಗೆ ಅದರ ಷರತ್ತಿನ ಪ್ರಕಾರ ಕೇಳಬಹುದು. ಮೊದಲ ಕಂಪನಿ ಕಡಿತ ಮಾಡಿದ ಖರ್ಚನ್ನೂ ಎರಡನೇ ಪಾಲಿಸಿಯಲ್ಲಿ ಅವಕಾಶ ಇದ್ದರೆ ಕೇಳಬಹುದು. ಆದರೆ ಒಂದೇ ಖರ್ಚಿಗೆ ಎರಡೂ ಕಡೆ ಪೂರ್ತಿ ಹಣ ಪಡೆಯೋಕೆ ಆಗಲ್ಲ. ದಿನಕ್ಕೆ ಇಷ್ಟು ಅಂತ ಕೊಡುವ ಹಾಸ್ಪಿಟಲ್ ಕ್ಯಾಶ್ ಪಾಲಿಸಿ ಬೇರೆ ಲೆಕ್ಕ, ಅದು ಬಿಲ್ ಹಣದ ಜೊತೆಗೂ ಸಿಗುತ್ತೆ.

ಯಾವ ಕಾಗದ ಬೇಕು?

ಮೂಲ ಬಿಲ್ ಮೊದಲ ಕಂಪನಿಗೆ ಹೋಗಿರುತ್ತೆ. ಎರಡನೇ ಕಡೆ ಜಗಳ ಶುರುವಾಗೋದೇ ಇಲ್ಲಿ. ಅದಕ್ಕೆ ಎಷ್ಟು ಕೊಟ್ಟರು, ಎಷ್ಟು ಕಡಿತ ಮಾಡಿದರು ಅನ್ನುವ ಸೆಟಲ್‌ಮೆಂಟ್ ಪತ್ರವನ್ನ ಮೊದಲ ಕಂಪನಿಯಿಂದ ತಗೊಳ್ಳಿ. ಬಿಲ್ ಮತ್ತು ಡಿಸ್ಚಾರ್ಜ್ ಸಮ್ಮರಿಯ ದೃಢೀಕೃತ ನಕಲು ಆಸ್ಪತ್ರೆಯಿಂದ ಮಾಡಿಸಿಟ್ಟುಕೊಳ್ಳಿ. ತಿರಸ್ಕರಿಸಿದರೆ ಕಾರಣವನ್ನ ಬರವಣಿಗೆಯಲ್ಲೇ ಕೇಳಿ. ಫೋನಿನಲ್ಲಿ ಹೇಳಿದ್ದು ಮುಂದೆ ಸಾಕ್ಷಿಗೆ ಬರಲ್ಲ.

ಕ್ಯಾಶ್‌ಲೆಸ್ ಕೋರಿಕೆಗೆ 1 ಗಂಟೆಯೊಳಗೆ, ಡಿಸ್ಚಾರ್ಜ್ ಬಿಲ್ಲಿಗೆ 3 ಗಂಟೆಯೊಳಗೆ ಕಂಪನಿ ಉತ್ತರಿಸಬೇಕು. ತಡವಾಗಿ ಆಸ್ಪತ್ರೆ ಹೆಚ್ಚುವರಿ ಶುಲ್ಕ ಹಾಕಿದರೆ ಅದು ಕಂಪನಿಯ ಹೊಣೆ.

ಒಪ್ಪದಿದ್ದರೆ ದೂರು ಎಲ್ಲಿ?

ಮೊದಲು ಕಂಪನಿಯ ದೂರು ವಿಭಾಗಕ್ಕೆ ಲಿಖಿತ ದೂರು ಕೊಡಿ. ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್ ಅಥವಾ 155255 ಸಂಖ್ಯೆಯಲ್ಲೂ ದಾಖಲಿಸಬಹುದು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಅನಿಸದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ದೂರು ಕೊಡಬಹುದು. 50 ಲಕ್ಷ ರೂ.ವರೆಗಿನ ವ್ಯಾಜ್ಯ ಇಲ್ಲಿ ನಡೆಯುತ್ತೆ. ಶುಲ್ಕ ಇಲ್ಲ, ವಕೀಲರು ಬೇಕಿಲ್ಲ, ಆನ್‌ಲೈನ್‌ನಲ್ಲೂ ಅರ್ಜಿ ಹಾಕಬಹುದು. ತೀರ್ಪನ್ನು ಕಂಪನಿ 30 ದಿನದೊಳಗೆ ಪಾಲಿಸದಿದ್ದರೆ ದಿನಕ್ಕೆ 5,000 ರೂ. ಪಾಲಿಸಿದಾರರಿಗೆ ಕೊಡಬೇಕಾಗುತ್ತೆ.

ಹಾವೇರಿ ಜಿಲ್ಲಾ ಗ್ರಾಹಕರ ಆಯೋಗದ ಬಾಗಿಲೂ ತೆರೆದಿದೆ. ಎರಡು ವರ್ಷದೊಳಗೆ ದೂರು ಹಾಕಬೇಕು. ಆದರೆ ಒಂದೇ ವಿಷಯಕ್ಕೆ ಆಯೋಗದಲ್ಲಿ ಕೇಸ್ ನಡೆದಿದ್ದರೆ ಒಂಬುಡ್ಸ್‌ಮನ್ ದೂರು ತಗೊಳ್ಳಲ್ಲ.

ಸರ್ಕಾರಿ ಕಾರ್ಡ್ ಇದ್ದರೆ?

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯನ್ನು ರಾಜ್ಯದಲ್ಲಿ ನಡೆಸೋದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್, ವಿಮಾ ಕಂಪನಿ ಅಲ್ಲ. ಹಾಗಾಗಿ ಇದರ ತಕರಾರಿಗೆ ಒಂಬುಡ್ಸ್‌ಮನ್ ಬರಲ್ಲ, ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರನ್ನ ಕಾಣಬೇಕು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಸಿಗುತ್ತೆ. ತುರ್ತು ಇಲ್ಲದಿದ್ದರೆ ಖಾಸಗಿ ಆಸ್ಪತ್ರೆಗೆ ಹೋಗುವ ಮುಂಚೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಇದನ್ನ ಬಿಟ್ಟು ನೇರವಾಗಿ ಹುಬ್ಬಳ್ಳಿಗೆ ಹೋದರೆ ಕಾರ್ಡ್ ಕೈಯಲ್ಲಿದ್ದರೂ ಹಣ ಕಟ್ಟುವ ಪರಿಸ್ಥಿತಿ ಬರಬಹುದು.

ಎರಡೂ ಪಾಲಿಸಿ ನಂಬರ್, ಕಂಪನಿ ಫೋನ್ ನಂಬರ್ ಒಂದು ಹಾಳೆಯಲ್ಲಿ ಬರೆದು ರೇಷನ್ ಕಾರ್ಡ್ ಜೊತೆ ಇಟ್ಟಿರಿ. ರಾತ್ರೋರಾತ್ರಿ ಆಸ್ಪತ್ರೆಗೆ ಓಡುವಾಗ ಮಗನ ಫೋನ್ ಹತ್ತದಿದ್ದರೂ ಆ ಹಾಳೆ ಕೆಲಸಕ್ಕೆ ಬರುತ್ತೆ.