ಕೋಷರ್ ಕೆಂಪು ವೈನ್

ಯೆಹೂದಿ ಧರ್ಮದ ಆಹಾರ ನಿಯಮಗಳಿಗೆ (ಕಶ್ರೂತ್) ಅನುಸಾರವಾಗಿ ತಯಾರಿಸಿದ ದ್ರಾಕ್ಷಿಯ ವೈನನ್ನು ಕೋಷರ್ ವೈನ್ ಎನ್ನುತ್ತಾರೆ. ಸಬ್ಬತ್ತಿನ ಕಿದ್ದೂಶ್ ಪ್ರಾರ್ಥನೆಯಲ್ಲಿ ಇದನ್ನು ಬಳಸಲಾಗುತ್ತದೆ. ಪಸ್ಕ ಹಬ್ಬದ ರಾತ್ರಿಯ ಸೇದರ್ ಭೋಜನದಲ್ಲಿ ನಾಲ್ಕು ಬಟ್ಟಲು ಕುಡಿಯುವುದು ವಿಧಿ. ಅದಕ್ಕೆ ಕೆಂಪು ವೈನೇ ಉತ್ತಮವೆಂಬುದು ಸಂಪ್ರದಾಯ. ಕೋಷರ್ ಕೆಂಪು ವೈನ್ ಎಂದರೆ ಸಿಹಿ ಪೇಯ ಎಂಬ ಕಲ್ಪನೆ ವ್ಯಾಪಕವಾಗಿದೆ. ಆದರೆ ಧಾರ್ಮಿಕ ನಿಯಮಗಳು ವೈನ್ ಸಿಹಿಯಾಗಿರಬೇಕೆಂದು ಹೇಳುವುದಿಲ್ಲ.

ತಯಾರಿಕೆಯ ನಿಯಮಗಳು

ದ್ರಾಕ್ಷಿ ಸ್ವಭಾವತಃ ಕೋಷರ್ ಹಣ್ಣು. ಅದನ್ನು ಜಜ್ಜಿದ ಮೇಲೆ ಯಾರ ಕೈ ಸೋಕುತ್ತದೆ ಎಂಬುದೇ ಮುಖ್ಯ ಪ್ರಶ್ನೆ. ಪ್ರಾಚೀನ ಕಾಲದಲ್ಲಿ ಅನ್ಯಮತೀಯರು ವೈನನ್ನು ವಿಗ್ರಹಗಳಿಗೆ ಅರ್ಪಿಸುತ್ತಿದ್ದರು. ಅಂಥ ವೈನ್ ಯೆಹೂದಿಗಳಿಗೆ ನಿಷಿದ್ಧವಾಗಿತ್ತು. ಸಹಪಾನದಿಂದ ಅಂತರ್ಧರ್ಮೀಯ ವಿವಾಹಕ್ಕೆ ದಾರಿಯಾಗಬಾರದೆಂದು ರಬ್ಬಿಗಳು ಈ ನಿಷೇಧವನ್ನು ಅನ್ಯರ ಎಲ್ಲ ವೈನಿಗೂ ವಿಸ್ತರಿಸಿದರು. ಹೀಗಾಗಿ ಜಜ್ಜುವುದರಿಂದ ಹಿಡಿದು ಶೀಶೆಗೆ ಬಿರಡೆ ಹಾಕುವವರೆಗಿನ ಕೆಲಸವನ್ನು ಸಬ್ಬತ್ ಪಾಲಿಸುವ ಯೆಹೂದಿಗಳೇ ಮಾಡಬೇಕು.

ಕೆಂಪು ವೈನಿನ ವಿಷಯದಲ್ಲಿ ಇದು ಹೆಚ್ಚು ತೊಡಕಿನದು. ಬಣ್ಣವೂ ಒಗರೂ ಸಿಪ್ಪೆಯಿಂದ ಬರುವುದರಿಂದ ರಸವು ಸಿಪ್ಪೆಯೊಡನೆಯೇ ಹುದುಗಬೇಕು. ಮೇಲೇಳುವ ಸಿಪ್ಪೆಯ ಪದರವನ್ನು ಮತ್ತೆ ಮತ್ತೆ ರಸದಲ್ಲಿ ಮುಳುಗಿಸುತ್ತಿರಬೇಕು. ಸಬ್ಬತ್ ಪಾಲಿಸದ ವೈನ್ ತಜ್ಞನು, ತಾನು ಯೆಹೂದಿಯೇ ಆಗಿದ್ದರೂ, ತಾನೇ ರೂಪಿಸಿದ ವೈನಿನ ಪೀಪಾಯಿಯಿಂದ ಮಾದರಿ ತೆಗೆಯುವಂತಿಲ್ಲ. ಬೇರೊಬ್ಬರು ತೆಗೆದುಕೊಟ್ಟದ್ದನ್ನು ರುಚಿ ನೋಡಿ ಸೂಚನೆ ನೀಡುತ್ತಾನೆ.

ವೈನನ್ನು ತಿಳಿಗೊಳಿಸಲು ಜೆಲಟಿನ್‌ನಂಥ ಪ್ರಾಣಿಜನ್ಯ ಪದಾರ್ಥಗಳ ಬದಲು ಸಾಮಾನ್ಯವಾಗಿ ಬೆಂಟೊನೈಟ್ ಎಂಬ ಜೇಡಿಮಣ್ಣನ್ನು ಬಳಸುತ್ತಾರೆ. ಬಳ್ಳಿ ನೆಟ್ಟ ಮೊದಲ ಮೂರು ವರ್ಷಗಳ ಹಣ್ಣು ನಿಷಿದ್ಧ. ಇಸ್ರೇಲಿನಲ್ಲಿ ಏಳನೆಯ ವರ್ಷ ಭೂಮಿಗೆ ವಿಶ್ರಾಂತಿ ಕೊಡುವ ನಿಯಮವೂ ಇದೆ. ದೇವಾಲಯದ ಕಾಲದ ಕಾಣಿಕೆಯ ಸ್ಮರಣೆಗಾಗಿ ಅಲ್ಲಿ ಉತ್ಪನ್ನದ ಶೇ. 1ಕ್ಕಿಂತ ತುಸು ಹೆಚ್ಚನ್ನು ಚೆಲ್ಲಿಬಿಡುತ್ತಾರೆ.

ಬಿಸಿಮಾಡಿದ ವೈನನ್ನು 'ಮೆವುಶಾಲ್' ಎನ್ನುತ್ತಾರೆ. ಇದನ್ನು ಅನ್ಯಮತೀಯರು ಬಡಿಸಿದರೂ ದೋಷವಿಲ್ಲ. ಆದ್ದರಿಂದ ಹೋಟೆಲು, ಮದುವೆಗಳಲ್ಲಿ ಇದಕ್ಕೇ ಬೇಡಿಕೆ. ಹಿಂದೆ ಕುದಿಸುವುದರಿಂದ ಸುವಾಸನೆ ಕೆಡುತ್ತಿತ್ತು. ಈಗ ಸುಮಾರು 80ರಿಂದ 90 ಡಿಗ್ರಿ ಸೆಲ್ಸಿಯಸ್‌ಗೆ ಕ್ಷಣಕಾಲ ಏರಿಸಿ ಕೂಡಲೇ ತಣಿಸುವುದರಿಂದ ಹಾನಿ ಬಹಳ ಕಡಿಮೆ.

ಇತಿಹಾಸ

ಪ್ರಾಚೀನ ಪ್ಯಾಲೆಸ್ಟೈನ್ ವೈನ್ ರಫ್ತಿಗೆ ಹೆಸರಾಗಿತ್ತು. ಯಾವ್ನೆಯಲ್ಲಿ ಸುಮಾರು 1,500 ವರ್ಷ ಹಳೆಯ, ಐದು ದ್ರಾಕ್ಷಿ ಗಾಣಗಳುಳ್ಳ ಬೈಜಾಂಟೈನ್ ಕಾಲದ ಬೃಹತ್ ವೈನ್ ಕಾರ್ಖಾನೆಯ ಅವಶೇಷಗಳು ಪತ್ತೆಯಾಗಿರುವುದನ್ನು 2021ರಲ್ಲಿ ಪ್ರಕಟಿಸಲಾಯಿತು. ಮುಸ್ಲಿಂ ಆಳ್ವಿಕೆಯ ಶತಮಾನಗಳಲ್ಲಿ ಈ ಉದ್ಯಮ ಕ್ಷೀಣಿಸಿತು.

ಮಧ್ಯಯುಗದ ಯೂರೋಪಿನಲ್ಲಿ ಕೆಂಪು ವೈನ್ ಯೆಹೂದಿಗಳ ಪ್ರಾಣಕ್ಕೇ ಕುತ್ತಾಗುವ ಸಂಭವವಿತ್ತು. ಪಸ್ಕ ಹಬ್ಬಕ್ಕಾಗಿ ಅವರು ಕ್ರೈಸ್ತ ಮಕ್ಕಳನ್ನು ಕೊಂದು ರಕ್ತ ಬಳಸುತ್ತಾರೆಂಬ ಸುಳ್ಳು ಆರೋಪದಿಂದ ಅನೇಕ ಕಡೆ ಹತ್ಯಾಕಾಂಡಗಳು ನಡೆದವು. ಬಟ್ಟಲಿನಲ್ಲಿರುವ ವೈನಿನ ಬಣ್ಣವೇ ಅನುಮಾನಕ್ಕೆ ನೆಪವಾಗಬಹುದಿತ್ತು. ಈ ಕಾರಣಕ್ಕೆ ಸುಳ್ಳು ಆರೋಪಗಳಿರುವ ನಾಡುಗಳಲ್ಲಿ ಸೇದರ್‌ಗೆ ಕೆಂಪು ವೈನ್ ಬಳಸುವುದಿಲ್ಲವೆಂದು 17ನೆಯ ಶತಮಾನದ ಪೋಲೆಂಡಿನ ರಬ್ಬಿ ಡೇವಿಡ್ ಹಲೇವಿ ಸೆಗಲ್ ದಾಖಲಿಸಿದ್ದಾರೆ.

ಸಿಹಿ ವೈನಿನ ಖ್ಯಾತಿಗೆ ಕಾರಣ ಅಮೆರಿಕ. ಈಶಾನ್ಯ ಅಮೆರಿಕಕ್ಕೆ ವಲಸೆ ಹೋದ ಯೆಹೂದಿಗಳಿಗೆ ಸುಲಭವಾಗಿ ಸಿಕ್ಕಿದ್ದು ಕಾಂಕರ್ಡ್ ದ್ರಾಕ್ಷಿ. ಅದರ ಹುಳಿ, ಒರಟು ರುಚಿಯನ್ನು ಮರೆಸಲು ಸಕ್ಕರೆ ಬೆರೆಸುತ್ತಿದ್ದರು. ಮ್ಯಾನಿಶೆವಿಟ್ಜ್ ಹೆಸರಿನ ವೈನ್ ಈ ಶೈಲಿಯನ್ನು ಮನೆಮಾತಾಗಿಸಿತು.

ಇಸ್ರೇಲಿನ ಹಾದಿ ಬೇರೆ. 1882ರಲ್ಲಿ ಸ್ಥಾಪನೆಯಾದ ರಿಶೋನ್ ಲೆಜಿಯೋನ್ ವಸಾಹತಿಗೆ ಬ್ಯಾರನ್ ಎಡ್ಮಂಡ್ ಡಿ ರಾತ್‌ಶೈಲ್ಡ್ ಫ್ರೆಂಚ್ ತಳಿಗಳನ್ನೂ ತಜ್ಞರನ್ನೂ ಒದಗಿಸಿ, ವೈನ್ ನೆಲಮಾಳಿಗೆಗಳನ್ನು ಕಟ್ಟಿಸಿದನು. ಆದರೂ ಬಹುಕಾಲ ಅಲ್ಲಿನ ವೈನೂ ಸಿಹಿಯಾಗಿಯೇ ಇತ್ತು. 1967ರ ಯುದ್ಧದಲ್ಲಿ ಸಿರಿಯಾದಿಂದ ವಶಪಡಿಸಿಕೊಂಡ ಗೋಲಾನ್ ಪ್ರಸ್ಥಭೂಮಿಯಲ್ಲಿ 1983ರಲ್ಲಿ ಆರಂಭವಾದ ಗೋಲಾನ್ ಹೈಟ್ಸ್ ವೈನರಿಯು, ತಂಪು ಹವೆಯಲ್ಲಿ ಬೆಳೆದ ಕ್ಯಾಬರ್ನೆ ಸೋವಿನ್ಯಾನ್ ದ್ರಾಕ್ಷಿಯಿಂದ ಸಿಹಿಯಿಲ್ಲದ ಕೆಂಪು ವೈನ್ ತಯಾರಿಸಿ ಈ ಚಿತ್ರವನ್ನು ಬದಲಿಸಿತು.

ಭಾರತದಲ್ಲಿ

ಕೊಂಕಣ ತೀರದ ಬೆನೆ ಇಸ್ರೇಲ್ ಯೆಹೂದಿಗಳಿಗೆ ಕೋಷರ್ ವೈನ್ ದೊರೆಯುವುದು ದುರ್ಲಭವಾಗಿತ್ತು. ಅವರು ಒಣದ್ರಾಕ್ಷಿಯನ್ನು ನೀರಿನಲ್ಲಿ ನೆನೆಸಿ, ಹಿಂಡಿ, ಸೋಸಿದ ಶರಬತ್ತನ್ನು ಕಿದ್ದೂಶ್‌ಗೆ ಬಳಸುತ್ತಾರೆ. ಇದನ್ನು ಹುದುಗಿಸುವುದಿಲ್ಲ, ಆದರೂ ದ್ರಾಕ್ಷಿಯ ಸಾರವಾದ್ದರಿಂದ ವೈನಿಗೆ ಹೇಳುವ ಆಶೀರ್ವಚನವನ್ನೇ ಇದಕ್ಕೂ ಹೇಳುತ್ತಾರೆ.