ಭೋಪಾಲದ ಲೆಕ್ಕ: ಷೇರಿಗೆ 43 ಸೆಂಟ್

1984ರ ಡಿಸೆಂಬರ್ 2ರ ನಡುರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಮೀಥೈಲ್ ಐಸೋಸೈನೇಟ್ ಎಂಬ ವಿಷಾನಿಲ ಸೋರಿತು. ಬೆಳಗಾಗುವಷ್ಟರಲ್ಲಿ ಬೀದಿಗಳಲ್ಲಿ ಹೆಣಗಳು ಬಿದ್ದಿದ್ದವು. ಅತ್ತ ನ್ಯೂಯಾರ್ಕಿನ ಪೇಟೆಯಲ್ಲಿ ಕಂಪೆನಿಯ ಷೇರು ಕುಸಿಯಿತು. ಮಾರುವವರಿದ್ದರೆಂದರೆ ಕೊಳ್ಳುವವರೂ ಇದ್ದರೆಂದೇ ಅರ್ಥ. ಅಂಥ ಹೊತ್ತಿನಲ್ಲಿ ಕೊಂಡವರು ಯಾವ ಲೆಕ್ಕ ಹಾಕಿದ್ದರು?

ಮೊಕದ್ದಮೆಯ ಸುಳಿಗೆ ಸಿಕ್ಕ ಕಂಪೆನಿಯ ಷೇರನ್ನು ತೂಗುವಾಗ ಕೇಳುವ ಪ್ರಶ್ನೆಗಳು ಕೆಲವೇ. ಪರಿಹಾರ ಎಷ್ಟಾದೀತು, ವಿಮೆಯಿಂದ ಎಷ್ಟು ಬಂದೀತು, ವ್ಯಾಜ್ಯ ಎಷ್ಟು ವರ್ಷ ಎಳೆದೀತು, ಅಲ್ಲಿಯವರೆಗೆ ಕಂಪೆನಿ ಉಳಿದೀತೆ? ಉದಾಹರಣೆಗೆ, ಹೆದರಿಕೆಯಿಂದ ಷೇರು 15 ಡಾಲರ್ ಇಳಿದಿದೆ, ಕೊನೆಗೆ ತೆರಬೇಕಾದದ್ದು ಷೇರಿಗೆ 5 ಡಾಲರ್ ಮಾತ್ರ ಎಂದುಕೊಳ್ಳೋಣ. ಉಳಿದ 10 ಡಾಲರ್ ಧೈರ್ಯಮಾಡಿ ಕೊಂಡವನ ಪಾಲು. ಅಂದಾಜು ತಪ್ಪಿದರೆ ಅಸಲೂ ಹೋದೀತು. ಆ ಭಯ ಬರಿಯ ಕಲ್ಪನೆಯಾಗಿರಲಿಲ್ಲ. 1982ರ ಆಗಸ್ಟಿನಲ್ಲಷ್ಟೇ ಮ್ಯಾನ್‌ವಿಲ್ ಎಂಬ ದೊಡ್ಡ ಕಂಪೆನಿ, ಕಲ್ನಾರಿನಿಂದ ರೋಗಿಗಳಾದವರ ಮೊಕದ್ದಮೆಗಳ ಹೊರೆ ತಾಳಲಾರದೆ ದಿವಾಳಿ ಅರ್ಜಿ ಹಾಕಿತ್ತು.

ಕಾರ್ಬೈಡಿನ ಷೇರು ಕೊಂಡವರಿಗೆ ಅದೃಷ್ಟ ಬೇರೆ ದಿಕ್ಕಿನಿಂದ ಬಂತು. 1985ರಲ್ಲಿ, ಅದಕ್ಕಿಂತ ಬಹಳ ಚಿಕ್ಕದಾದ ಜಿಎಎಫ್ ಕಂಪೆನಿ ಅದನ್ನೇ ನುಂಗಲು ಹೊರಟಿತು. ತಪ್ಪಿಸಿಕೊಳ್ಳಲು ಕಾರ್ಬೈಡ್ ತನ್ನದೇ ಷೇರುಗಳಲ್ಲಿ ಶೇ. 55ರಷ್ಟನ್ನು, ನಗದು ಮತ್ತು ಸಾಲಪತ್ರಗಳ ರೂಪದಲ್ಲಿ ತಲಾ 85 ಡಾಲರ್ ತೆತ್ತು ಹಿಂದಕ್ಕೆ ಕೊಂಡಿತು. ಇದರ ಸಾಲ ತೀರಿಸಲು ಅಮೆರಿಕದ ತನ್ನ ಎವರೆಡಿ ಬ್ಯಾಟರಿ ವ್ಯಾಪಾರವನ್ನೇ 1986ರಲ್ಲಿ ಮಾರಿತು. ಗಮನಿಸಬೇಕಾದದ್ದು ಇಷ್ಟು: ಭೋಪಾಲದ ಸಂತ್ರಸ್ತರಿಗೆ ಪರಿಹಾರದ ಮೊತ್ತವೇ ಇನ್ನೂ ಗೊತ್ತಾಗಿರಲಿಲ್ಲ, ಷೇರುದಾರರಿಗೆ ಮಾತ್ರ ಹಣ ಸಂದಾಯವಾಗಿತ್ತು.

ಎರಡನೆಯ ಭಯವೂ ಬೇಗನೆ ಕಳೆಯಿತು. ಅಮೆರಿಕದ ಜ್ಯೂರಿ ಎದುರು ಪ್ರಕರಣ ನಡೆದಿದ್ದರೆ ಪರಿಹಾರದ ಮೊತ್ತ ಎಲ್ಲಿಗೆ ಮುಟ್ಟುತ್ತಿತ್ತೋ ಹೇಳುವಂತಿರಲಿಲ್ಲ. 1986ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶ ಜಾನ್ ಕೀನನ್ ಇದರ ವಿಚಾರಣೆ ಭಾರತದಲ್ಲೇ ನಡೆಯಲಿ ಎಂದರು. 1989ರ ಫೆಬ್ರುವರಿ 14ರಂದು ಸುಪ್ರೀಂ ಕೋರ್ಟು 47 ಕೋಟಿ ಡಾಲರಿಗೆ ಇತ್ಯರ್ಥ ಮಾಡಿತು. ಭಾರತ ಸರ್ಕಾರ ಕೇಳಿದ್ದು 300 ಕೋಟಿ ಡಾಲರಿಗೂ ಮಿಕ್ಕಿ. ಕರ್ನಾಟಕದವರಾದ ಇ.ಎಸ್. ವೆಂಕಟರಾಮಯ್ಯ, ಎಂ.ಎನ್. ವೆಂಕಟಾಚಲಯ್ಯ ಇಬ್ಬರೂ ಆ ಪೀಠದಲ್ಲಿದ್ದರು. ನೊಂದವರಿಗೆ ತುರ್ತು ಪರಿಹಾರ ಬೇಕು, ವ್ಯಾಜ್ಯ ಮುಗಿಯುವವರೆಗೆ ಅವರು ಕಾಯಲಾರರು ಎಂಬುದು ನ್ಯಾಯಾಲಯ ಮುಂದೆ ನೀಡಿದ ಕಾರಣ.

ಅಂದು ನ್ಯೂಯಾರ್ಕಿನಲ್ಲಿ ಕಾರ್ಬೈಡ್ ಷೇರು ಏರಿತು. ತಲೆಯ ಮೇಲಿನ ಕತ್ತಿ ಸರಿದಾಗ, ಕೈಬಿಟ್ಟ ಹಣಕ್ಕಿಂತ ಉಳಿದ ಹಣವೇ ಪೇಟೆಯ ಕಣ್ಣಿಗೆ ಕಾಣುತ್ತದೆ. ಕಂಪೆನಿಯ 1988ರ ವಾರ್ಷಿಕ ವರದಿಯಲ್ಲಿ ಭೋಪಾಲದ ಇತ್ಯರ್ಥಕ್ಕೆಂದು ಆ ವರ್ಷದ ಲಾಭದಿಂದ ಕಳೆದದ್ದು ಷೇರಿಗೆ 43 ಸೆಂಟ್. ಅದನ್ನು ಕಳೆದ ಮೇಲೂ ಷೇರಿಗೆ 4.88 ಡಾಲರ್ ಲಾಭ ಉಳಿದಿತ್ತು.

ಭೋಪಾಲದಲ್ಲಿ ಹಣ ಹಂಚಿಕೆ ಶುರುವಾದದ್ದು 1992ರಲ್ಲಿ. ಗಾಯಗೊಂಡವರಲ್ಲಿ ಹೆಚ್ಚಿನವರಿಗೆ ದೊರೆತದ್ದು 25 ಸಾವಿರ ರೂಪಾಯಿ, ಹನ್ನೆರಡು ವರ್ಷ ಕಳೆದು ಮತ್ತೆ ಅಷ್ಟೇ. ಮೊತ್ತ ಹೆಚ್ಚಿಸಬೇಕೆಂದು ಕೇಂದ್ರ ಸರ್ಕಾರ 2010ರಲ್ಲಿ ಹಾಕಿದ ಅರ್ಜಿ 2023ರ ಮಾರ್ಚ್ 14ರಂದು ವಜಾ ಆಯಿತು.